‘ನನಗೆ ಆಯ್ತು’, ‘ನಾನು ಮಾಡಿದೆ’

(ಇತ್ತೀಚೆಗೆ ಒಂದು ಸಭೆಯಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಕಾರ್ಯಕ್ರಮಕ್ಕೆ ಕರೆದವರು ಹೋದ ವಾರ ಫೋನ್ ಮಾಡಿ, "ನಿಮ್ಮ ಪರಿಚಯ ಒಂದೈದು ಸಾಲು ಬರೆದು ಕಳಿಸಿ" ಅಂದರು. ಕೂತು ಬರೆದೆ. ಓದು ಮುಗಿಯಿತು. ಕೆಲಸ ಸಿಕ್ಕಿತು. ಬೇರೆ ಊರಿಗೆ ವರ್ಗ ಆಯಿತು. ಮದುವೆ ಆಯಿತು, ಮಗಳು ಹುಟ್ಟಿದಳು. ಆಮೇಲೆ ಬರೆಯುವುದು ಅಭ್ಯಾಸ ಆಯಿತು. ಕಳಿಸುವ ಮುಂಚೆ ಇನ್ನೊಂದು ಸಲ ಓದಿದೆ. ಏನೋ ಸರಿಯಿಲ್ಲ ಅನ್ನಿಸಿತು. ಮತ್ತೆ ಓದಿದೆ. ಆಗ ಕಂಡಿತು, ನನ್ನ ಪರಿಚಯದಲ್ಲಿ ನಾನೇ ಇರಲಿಲ್ಲ. ಐದು ಸಾಲಿನಲ್ಲಿ ಒಂದು ಕಡೆಯೂ ‘ನಾನು’ ಎಂಬ ಪದ ಇಲ್ಲ. ಬರೀ ‘ಆಯಿತು’, ‘ಸಿಕ್ಕಿತು’, ‘ಮುಗಿಯಿತು’. ಮಳೆ ಬಂತು ಅನ್ನುವ ಹಾಗೆ ನನ್ನ ಬದುಕು ಬಂದಿತ್ತು.

ನಗ್ತೀರಿ, ಆದರೆ ನಿಮ್ಮದನ್ನೂ ಬರೆದು ನೋಡಿ.

ನಮ್ಮ ಭಾಷೆಯಲ್ಲಿ ಒಂದು ಸೊಗಸಿದೆ. ನನಗೆ ಹಸಿವಾಯಿತು. ನನಗೆ ನೆನಪಾಯಿತು. ನನಗೆ ಇಷ್ಟವಾಯಿತು. ಇವನ್ನೆಲ್ಲ ನಾವು ‘ನನಗೆ’ ಎಂದೇ ಹೇಳುತ್ತೇವೆ. ಹಸಿವನ್ನು ಯಾರೂ ಮಾಡುವುದಿಲ್ಲ, ಅದು ಆಗುತ್ತದೆ. ಇಷ್ಟವನ್ನೂ ಅಷ್ಟೇ. ‘ಇವತ್ತಿನಿಂದ ಇದನ್ನು ಇಷ್ಟಪಡುತ್ತೇನೆ’ ಎಂದು ಹಟ ಹಿಡಿದರೆ ಇಷ್ಟ ಬಂದುಬಿಡುತ್ತದಾ? ಹಾಗಾಗಿ ಈ ‘ನನಗೆ’ ಬಗ್ಗೆ ನನ್ನ ತಕರಾರಿಲ್ಲ. ಮನಸ್ಸಿನ ವಿಷಯದಲ್ಲಿ ಅದು ತುಂಬಾ ಪ್ರಾಮಾಣಿಕವಾದ ಮಾತು. ನನ್ನ ತಕರಾರು ಬೇರೆ. ಹಸಿವಿಗೆ ಹಾಕುವ ‘ನನಗೆ’ಯನ್ನೇ ಹನ್ನೊಂದು ವರ್ಷದ ನೌಕರಿಗೂ ಹಾಕಿ ನಾನು ಸುಮ್ಮನೆ ಕೂತಿದ್ದೆನಲ್ಲ, ಅದು.

ಆ ನೌಕರಿಯ ಕಥೆ ಹೇಳುತ್ತೇನೆ. ಎಲ್ಲಿ ಎಂದು ಕೇಳಬೇಡಿ. ಒಂದು ದಿನ ಯಾವುದೋ ಹಳೇ ಬಿಲ್ ಹುಡುಕುತ್ತಾ ನನ್ನ ಮೇಲ್‌ನ ‘ಡ್ರಾಫ್ಟ್ಸ್’ ತೆರೆದೆ. ಕೆಳಗೆ, ತೀರಾ ಕೆಳಗೆ, ಒಂದು ಪತ್ರ ಇತ್ತು. "ಮಾನ್ಯರೇ," ಎಂದು ಶುರು. ಮುಂದಿನ ಸಾಲು, "ವೈಯಕ್ತಿಕ ಕಾರಣಗಳಿಂದ ನಾನು ಈ ಹುದ್ದೆಗೆ". ಅಷ್ಟೇ. ‘ಹುದ್ದೆಗೆ’ ಎಂಬಲ್ಲಿಗೆ ನಿಂತಿತ್ತು. ದಿನಾಂಕ ನೋಡಿದೆ. ನಾಲ್ಕು ವರ್ಷ ಹಿಂದಿನದು. ನನ್ನ ರಾಜೀನಾಮೆ ಪತ್ರ! ಬರೆದದ್ದೇ ಮರೆತುಹೋಗಿತ್ತು. ಯಾರಿಗೆ ಎಂದು ಬರೆದಿದ್ದೆನೋ ಆ ಮೇಲಧಿಕಾರಿ ಅಷ್ಟರೊಳಗೆ ತಾವೇ ರಾಜೀನಾಮೆ ಕೊಟ್ಟು ಹೋಗಿ ಎರಡು ವರ್ಷ ಆಗಿತ್ತು.

ಪರದೆ ನೋಡುತ್ತಾ ಕೂತೆ. ಅವತ್ತು ಯಾಕೆ ನಿಲ್ಲಿಸಿದೆ? ನೆನಪಾಗಲಿಲ್ಲ. ಫೋನ್ ಬಂದಿರಬಹುದು. ಮಗಳು ಕರೆದಿರಬಹುದು. ‘ನೋಡೋಣ’ ಅಂದುಕೊಂಡು ಮುಚ್ಚಿರುತ್ತೇನೆ. ಗಮನಿಸಿ, ಬಿಡುವುದು ಬೇಡ ಎಂದು ನಾನು ಯಾವತ್ತೂ ನಿರ್ಧರಿಸಿರಲಿಲ್ಲ. ಬಿಡಬೇಕು ಎಂದೂ ನಿರ್ಧರಿಸಿರಲಿಲ್ಲ. ನಾಲ್ಕು ವರ್ಷ ನಾನು ಆ ಕೆಲಸದಲ್ಲಿ ಇದ್ದದ್ದು ಒಂದು ಅರ್ಧ ವಾಕ್ಯದ ಮೇಲೆ.

ಈ ‘ನೋಡೋಣ’ ಇದೆಯಲ್ಲ, ಇದರ ಬಗ್ಗೆ ಸ್ವಲ್ಪ ಮಾತಾಡಬೇಕು. ಎಷ್ಟು ಮರ್ಯಾದಸ್ಥ ಪದ ಅದು! ಇಲ್ಲ ಎಂದು ಹೇಳದೆ ಇಲ್ಲ ಅನ್ನಬಹುದು, ಹೂಂ ಎಂದು ಹೇಳದೆ ಆಸೆ ಉಳಿಸಬಹುದು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಬೇರೆಯವರಿಗೆ ಹೇಳಿದಾಗ ಅದು ಸೌಜನ್ಯ ಇರಬಹುದು. ನಮಗೆ ನಾವೇ ಹೇಳಿಕೊಂಡಾಗ? ‘ನೋಡೋಣ’ ಎಂದವರು ಆಮೇಲೆ ನಿಜವಾಗಿಯೂ ಕೂತು ನೋಡಿದ್ದನ್ನು ನಾನಂತೂ ಕಂಡಿಲ್ಲ.

ಆದರೆ ನಾವು ನೋಡದಿದ್ದರೂ ಆಯ್ಕೆ ನಡೆದೇ ನಡೆಯುತ್ತದೆ. 2003ರಲ್ಲಿ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೈನ್ ಎಂಬ ಇಬ್ಬರು ಸಂಶೋಧಕರು ಯುರೋಪಿನ ದೇಶಗಳಲ್ಲಿ ಎಷ್ಟು ಜನ ಅಂಗದಾನಕ್ಕೆ ಒಪ್ಪಿದವರ ಲೆಕ್ಕದಲ್ಲಿದ್ದಾರೆ ಎಂದು ಹೋಲಿಸಿ ನೋಡಿದರು. ಜರ್ಮನಿಯಲ್ಲಿ ಶೇ. 12. ಪಕ್ಕದ ಆಸ್ಟ್ರಿಯಾದಲ್ಲಿ ಶೇ. 99.98. ಅಕ್ಕಪಕ್ಕದ ದೇಶಗಳು, ಆಡುವ ಭಾಷೆಯೂ ಒಂದೇ. ಒಂದು ದೇಶದವರು ಅಷ್ಟು ಉದಾರಿಗಳು, ಇನ್ನೊಂದು ದೇಶದವರು ಜಿಪುಣರು ಅಂತಲ್ಲ. ಜರ್ಮನಿಯಲ್ಲಿ ಒಪ್ಪಿಗೆ ಇದ್ದರೆ ಹೇಳಬೇಕು. ಆಸ್ಟ್ರಿಯಾದಲ್ಲಿ ಒಪ್ಪಿಗೆ ಇಲ್ಲದಿದ್ದರೆ ಹೇಳಬೇಕು. ಎರಡೂ ಕಡೆ ಜಾಸ್ತಿ ಜನ ಏನೂ ಹೇಳಲಿಲ್ಲ. ಸುಮ್ಮನಿದ್ದರು. ಒಂದು ಕಡೆ ಸುಮ್ಮನಿದ್ದದ್ದು ‘ಇಲ್ಲ’ ಆಯಿತು, ಇನ್ನೊಂದು ಕಡೆ ‘ಹೌದು’ ಆಯಿತು.

ನನ್ನ ಡ್ರಾಫ್ಟ್ ಕೂಡ ಹಾಗೇ. ನಾನು ಸುಮ್ಮನಿದ್ದೆ. ನನ್ನ ಮೌನಕ್ಕೆ ‘ಉಳಿಯುತ್ತೇನೆ’ ಎಂಬ ಅರ್ಥ ಮೊದಲೇ ನಿಗದಿಯಾಗಿತ್ತು. ಯಾರು ನಿಗದಿ ಮಾಡಿದ್ದು? ಯಾರೂ ಅಲ್ಲ. ಅದಕ್ಕೇ ಬೈಯಲಿಕ್ಕೂ ಯಾರೂ ಸಿಗಲಿಲ್ಲ.

ಈಗ ಪ್ರೀತಿಗೆ ಬರೋಣ. (ಇಲ್ಲಿಗೆ ಹಿಂದಿನ ಸಾಲಿನವರು ಫೋನ್ ಕೆಳಗಿಟ್ಟರು.)

ನನಗೆ ಗೊತ್ತಿರುವ ಒಂದು ಜೋಡಿ ಇದೆ. ಇಬ್ಬರೂ ಒಳ್ಳೆಯವರು. ಯಾವಾಗಿನಿಂದ ಒಟ್ಟಿಗೆ ಇದ್ದೀರಿ ಎಂದು ಕೇಳಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೊದಲು ಅವಳ ಟೂತ್‌ಬ್ರಷ್ ಅವನ ಮನೆಗೆ ಬಂತು. ಆಮೇಲೆ ಚಾರ್ಜರ್. ಮಳೆ ಬಂದ ದಿನ ಒಂದು ಜೊತೆ ಬಟ್ಟೆ. ಅವಳ ಬಾಡಿಗೆ ಕರಾರು ಮುಗಿದಾಗ, ಎರಡು ಕಡೆ ಯಾಕೆ ಬಾಡಿಗೆ ಅಂದರು. ಅಲ್ಲಿಗೆ ಮುಗಿಯಿತು. ‘ನಾವು ಒಟ್ಟಿಗೆ ಬಾಳೋಣವಾ?’ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ. ಕೇಳುವ ಹೊತ್ತಿಗೆ ಸೋಫಾ ಇಬ್ಬರ ಹೆಸರಲ್ಲಿತ್ತು, ಬೆಕ್ಕೊಂದು ಇಬ್ಬರ ಮಡಿಲಲ್ಲಿತ್ತು.

ಡೆನ್ವರ್ ವಿಶ್ವವಿದ್ಯಾಲಯದ ಸ್ಕಾಟ್ ಸ್ಟ್ಯಾನ್ಲಿ, ಗಲೀನಾ ರೋಡ್ಸ್, ಹೋವರ್ಡ್ ಮಾರ್ಕ್‌ಮನ್ 2006ರಲ್ಲಿ ಬರೆದ ಒಂದು ಲೇಖನ ಇದರ ಬಗ್ಗೆಯೇ ಇದೆ. ಅವರು ಎರಡು ಪದ ಬಳಸುತ್ತಾರೆ. ಒಂದು ಜಾರುವುದು, ಇನ್ನೊಂದು ನಿರ್ಧರಿಸುವುದು. ಎಷ್ಟೋ ಜೋಡಿಗಳು ನಿರ್ಧರಿಸುವುದಿಲ್ಲ, ಜಾರುತ್ತವೆ. ಜಾರುವಾಗ ಒಂದೊಂದು ಹೆಜ್ಜೆಯೂ ಸಣ್ಣದು, ಲೆಕ್ಕಕ್ಕೇ ಬಾರದಷ್ಟು. ಆದರೆ ಪ್ರತಿ ಹೆಜ್ಜೆಯೂ ವಾಪಸ್ ಬರುವ ದಾರಿಯನ್ನು ಸ್ವಲ್ಪ ಕಿರಿದು ಮಾಡುತ್ತಾ ಹೋಗುತ್ತದೆ. ಮನೆ, ಸಾಮಾನು, ಬಿಲ್ಲುಗಳು. ಕೊನೆಗೆ ಒಟ್ಟಿಗಿರುವುದು ಪ್ರೀತಿಯಿಂದಲೋ ಅಥವಾ ಬಿಡಿಸಿಕೊಳ್ಳುವ ರಗಳೆ ಯಾರಿಗೆ ಬೇಕು ಎಂದೋ, ಹೇಳುವುದು ಕಷ್ಟ.

ಇಲ್ಲಿ ಆ ‘ನನಗೆ’ ಮತ್ತು ‘ನಾನು’ ಎರಡೂ ಬೇಕಾಗುತ್ತವೆ ಅನ್ನಿಸುತ್ತದೆ ನನಗೆ. ಪ್ರೀತಿ ಆಗುವುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಜೊತೆಗಿರುವುದು ಮಾಡುವುದು. ಪ್ರೀತಿ ‘ಆಯ್ತು’, ಇನ್ನು ಜೊತೆಗಿರುವುದೂ ತಾನಾಗಿ ‘ಆಗುತ್ತದೆ’ ಎಂದುಕೊಂಡವರು ಹತ್ತು ವರ್ಷದ ಮೇಲೆ ‘ಯಾಕೋ ಏನೂ ಆಗ್ತಾ ಇಲ್ಲ’ ಅನ್ನುತ್ತಾರೆ. ನನ್ನ ಮದುವೆಯ ಮಾತನ್ನೇ ಹೇಳುವುದಾದರೆ, ನಮ್ಮಿಬ್ಬರಲ್ಲಿ ನಿಜವಾದ ನಿರ್ಧಾರ ಆದದ್ದು ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ಒಂದು ಜಗಳದ ಕೊನೆಗೆ, ಬಸ್ ನಿಲ್ದಾಣದಲ್ಲಿ. ಜಾಸ್ತಿ ಹೇಳುವುದಿಲ್ಲ. ಅವರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ.

ಹಾಗಾದರೆ ನಿರ್ಧಾರ ಮಾಡುವುದು ಹೇಗೆ? ಪಟ್ಟಿ ಮಾಡಿ ಅನ್ನುತ್ತಾರೆ. ಇದು ಹಳೇ ಉಪಾಯ. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿಗೆ ಹೊಸ ಕೆಲಸವೊಂದು ಬಂತು. ಹೋಗಲೋ ಬೇಡವೋ ಎಂದು ಗೆಳೆಯ ಬೆಂಜಮಿನ್ ಫ್ರಾಂಕ್ಲಿನ್‌ಗೆ ಬರೆದು ಕೇಳಿದ. ಫ್ರಾಂಕ್ಲಿನ್ ಕೊಟ್ಟ ಉತ್ತರ ಜಾಣತನದ್ದು. ಏನು ನಿರ್ಧರಿಸಬೇಕು ಎಂದು ನಾನು ಹೇಳಲಾರೆ, ಹೇಗೆ ಎಂದು ಬೇಕಾದರೆ ಹೇಳುತ್ತೇನೆ ಎಂದ. ಹಾಳೆಯ ಮಧ್ಯೆ ಗೆರೆ ಎಳೆ, ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆಯುತ್ತಾ ಹೋಗು. ಸಮತೂಕದವನ್ನು ಎರಡೂ ಕಡೆಯಿಂದ ಹೊಡೆದು ಹಾಕು. ಉಳಿದದ್ದನ್ನು ನೋಡು. ಪ್ರೀಸ್ಟ್ಲಿ ಕೊನೆಗೆ ಆ ಕೆಲಸಕ್ಕೆ ಹೋದ. ಈ ಪತ್ರದಲ್ಲಿ ನನಗೆ ಹಿಡಿಸಿದ್ದು ಗೆರೆ ಅಲ್ಲ, ಆ ಮೂರು ನಾಲ್ಕು ದಿನ. ಬೆಳಗಿನ ನಾವು, ರಾತ್ರಿಯ ನಾವು, ಸಿಟ್ಟಿನ ನಾವು, ಉಂಡು ಮಲಗುವ ಮುಂಚಿನ ನಾವು ಎಲ್ಲರಿಗೂ ಹಾಳೆಯಲ್ಲಿ ಬರೆಯಲು ಸರದಿ ಸಿಗುತ್ತದೆ.

ಪಟ್ಟಿಗಳಲ್ಲಿ ರಾಜ ಅಂದರೆ ಚಾರ್ಲ್ಸ್ ಡಾರ್ವಿನ್‌ನದು. 1838. ಅವನಿಗೆ ಆಗ 29 ವರ್ಷ. ಹಡಗಿನಲ್ಲಿ ಐದು ವರ್ಷ ಲೋಕ ಸುತ್ತಿ ಬಂದಿದ್ದಾನೆ, ತಲೆ ತುಂಬಾ ಕೆಲಸ. ಒಂದು ಹಾಳೆ ತೆಗೆದು ಎರಡು ಭಾಗ ಮಾಡಿದ. ‘ಮದುವೆಯಾಗುವುದು’, ‘ಮದುವೆಯಾಗದಿರುವುದು’. ಆಗುವುದರ ಕೆಳಗೆ: ಮಕ್ಕಳು, ಮುಪ್ಪಿನಲ್ಲಿ ಜೊತೆ, ಮನೆ ನೋಡಿಕೊಳ್ಳಲು ಒಬ್ಬರು. ಪ್ರೀತಿಸಲು, ಆಟವಾಡಲು ಒಂದು ಜೀವ, ಏನಿಲ್ಲವೆಂದರೂ ನಾಯಿಗಿಂತ ವಾಸಿ. ಹೌದು, ಹಾಗೇ ಬರೆದಿದ್ದಾನೆ! ಆಗದಿರುವುದರ ಕೆಳಗೆ: ಎಲ್ಲಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯ, ನೆಂಟರ ಮನೆಗೆ ಹೋಗುವ ಬಲವಂತ ಇಲ್ಲ, ಸಂಜೆ ಓದಬಹುದು. ಮದುವೆಯಾದರೆ ಹೊಟ್ಟೆ ಬೆಳೆಯುತ್ತದೆ, ಸೋಮಾರಿತನ ಬರುತ್ತದೆ, ಪುಸ್ತಕಕ್ಕೆ ದುಡ್ಡು ಉಳಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಟೈಮ್ ವೇಸ್ಟ್.

ಲೆಕ್ಕ ಹಾಕಿದರೆ ಮದುವೆ ಬೇಡ ಎಂಬ ಕಡೆಯೇನೂ ಹಗುರವಿಲ್ಲ. ಆದರೆ ಪಟ್ಟಿಯ ನಡುವೆ ಅವನ ಕೈ ಇದ್ದಕ್ಕಿದ್ದ ಹಾಗೆ ಲೆಕ್ಕ ಬಿಟ್ಟು ಬೇರೆ ಏನೋ ಬರೆಯುತ್ತದೆ. ಇಡೀ ಜೀವಮಾನ ದುಡಿಯುವ ಜೇನಿನ ಹಾಗೆ ಬರೀ ಕೆಲಸ, ಕೆಲಸ, ಕೊನೆಗೆ ಏನೂ ಇಲ್ಲ, ಇದನ್ನು ನೆನೆಸಿಕೊಳ್ಳಲಿಕ್ಕೂ ಆಗುವುದಿಲ್ಲ ಎಂದು. ಆಮೇಲೆ ಒಂದು ಚಿತ್ರ: ಬೆಂಕಿ ಉರಿಯುವ ಕೋಣೆ, ಸೋಫಾ ಮೇಲೆ ಹೆಂಡತಿ, ಪುಸ್ತಕ, ಸಂಗೀತ. ಅಲ್ಲಿಗೆ ತೀರ್ಮಾನ. ಮದುವೆ, ಮದುವೆ, ಮದುವೆ ಎಂದು ಮೂರು ಸಲ ಬರೆದು, ಗಣಿತದ ಪ್ರಮೇಯ ಸಾಧಿಸಿದವರು ಕೊನೆಗೆ ಹಾಕುವ ಮೂರಕ್ಷರ, ‘ಕ್ಯು.ಇ.ಡಿ.’ (ಸಾಧಿಸಿದ್ದಾಯಿತು) ಎಂದು ಹಾಕಿದ. ಅದೇ ನವೆಂಬರಿನಲ್ಲಿ ಸೋದರ ಸಂಬಂಧಿ ಎಮ್ಮಾಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ, 1839ರ ಜನವರಿಯಲ್ಲಿ ಮದುವೆಯಾದ. 1882ರಲ್ಲಿ ಅವನು ತೀರಿಹೋಗುವವರೆಗೂ ಒಟ್ಟಿಗಿದ್ದರು.

ಇದನ್ನು ಓದಿ ಕೆಲವರು ನಗುತ್ತಾರೆ, ಎಂಥಾ ವ್ಯಾಪಾರದ ಮನುಷ್ಯ ಎಂದು. ನನಗೂ ನಾಯಿಯ ಸಾಲು ಓದಿದಾಗ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆ ಹಾಳೆಯಲ್ಲಿ ಎಮ್ಮಾ ಹೆಸರೂ ಇಲ್ಲ. ಆದರೆ ಆ ಪಟ್ಟಿ ಏನು ಕೆಲಸ ಮಾಡಿತು ನೋಡಿ. ಲಾಭ ನಷ್ಟ ಬರೆಯುತ್ತಾ ಬರೆಯುತ್ತಾ, ಅವನಿಗೆ ನಿಜವಾಗಿ ಯಾವುದರ ಭಯ ಇತ್ತೋ ಅದು ಹೊರಗೆ ಬಿತ್ತು. ಆ ಜೇನು. ಹಾಳೆ ಹಿಡಿದು ಕೂರದಿದ್ದರೆ ಅದು ಒಳಗೇ ಗುಯ್‌ಗುಡುತ್ತಾ ಇರುತ್ತಿತ್ತು. ಪಟ್ಟಿ ಮಾಡುವಾಗ ನಾನೀಗ ಸಾಲುಗಳನ್ನು ಎಣಿಸುವುದಿಲ್ಲ. ಪೆನ್ನು ಎಲ್ಲಿ ವೇಗವಾಗಿ ಓಡಿತು, ಅಕ್ಷರ ಎಲ್ಲಿ ಸೊಟ್ಟಗಾಯಿತು ಎಂದು ನೋಡುತ್ತೇನೆ.

ನನ್ನ ಡ್ರಾಫ್ಟ್ ಏನಾಯಿತು ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ನಾನೂ ಹಾಳೆ ತೆಗೆದೆ, ನಾಲ್ಕು ದಿನ ಬರೆದೆ. ಪೆನ್ನು ಓಡಿದ್ದು ‘ಬಿಡಬೇಕು’ ಎಂಬ ಕಡೆ ಅಲ್ಲ. ಕೆಲಸದ ಮೇಲೆ ನನಗೆ ಬೇಸರವೇ ಇರಲಿಲ್ಲ. ಬೇಸರ ಇದ್ದದ್ದು ಒಂದೇ ವಿಷಯದ ಮೇಲೆ. ಐದು ವರ್ಷದಿಂದ ಬೇರೆಯವರ ವರದಿ ತಿದ್ದುತ್ತಿದ್ದೆ, ನನ್ನದೊಂದು ಬರೆದಿರಲಿಲ್ಲ. ಡ್ರಾಫ್ಟ್ ಅಳಿಸಿ ಹಾಕಿದೆ. ಮಾರನೇ ದಿನ ಹೋಗಿ ಒಂದು ವರದಿ ನನಗೇ ಬರೆಯಲು ಕೊಡಿ ಎಂದು ಕೇಳಿದೆ. ಮೊದಲ ಸಲ ಆಗಲ್ಲ ಅಂದರು. ಎರಡನೇ ಸಲ ಕೊಟ್ಟರು. ಇನ್ನೂ ಮೂರು ವರ್ಷ ಅಲ್ಲೇ ಇದ್ದೆ. ಅದೇ ಕುರ್ಚಿ, ಅದೇ ಲಿಫ್ಟ್. ಬದಲಾದದ್ದು ಒಂದೇ, ಲಿಫ್ಟಿನಲ್ಲಿ ಸಿಕ್ಕವರ ಹತ್ತಿರ ಗೊಣಗುವುದನ್ನು ಬಿಟ್ಟಿದ್ದೆ. ಗೊಣಗಲು ಬಾಯಿ ತೆರೆದರೆ, ‘ಉಳಿದವಳು ನಾನೇ ತಾನೇ’ ಎಂಬುದು ಅಡ್ಡ ಬರುತ್ತಿತ್ತು.

ಇದನ್ನು ಒತ್ತಿ ಹೇಳುತ್ತೇನೆ. ಇಂಥ ವೇದಿಕೆಗಳಲ್ಲಿ ಸಾಮಾನ್ಯವಾಗಿ ಬಿಟ್ಟು ಹೋದವರ ಕಥೆಗಳೇ ಜಾಸ್ತಿ. ಕೆಲಸ ಬಿಟ್ಟೆ, ಗೆದ್ದೆ. ಸಂಬಂಧ ಮುರಿದೆ, ಅರಳಿದೆ. ಉಳಿದುಕೊಂಡವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಉಳಿಯುವುದರಲ್ಲಿ ಎರಡು ಥರ ಇದೆ, ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ, ಅಷ್ಟೇ.

ಹಾಗೆಂದು ಬದಲಾವಣೆಯ ಪರವಾಗಿಯೂ ಒಂದು ಸಾಕ್ಷಿ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಒಂದು ವೆಬ್‌ಸೈಟ್ ಮಾಡಿ, ತೀರ್ಮಾನ ಮಾಡಲಾಗದೆ ಒದ್ದಾಡುತ್ತಿರುವವರು ಬಂದು ನಾಣ್ಯ ಚಿಮ್ಮಿ ಅಂದರು. ಕೆಲಸ ಬಿಡಲೇ, ಸಂಬಂಧ ಮುಗಿಸಲೇ ಎಂಬಂಥ ಪ್ರಶ್ನೆಗಳೂ ಅದರಲ್ಲಿದ್ದವು. 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ಆರು ತಿಂಗಳ ಮೇಲೆ ಕೇಳಿದಾಗ, ದೊಡ್ಡ ಪ್ರಶ್ನೆಗಳಲ್ಲಿ ಬದಲಾವಣೆ ಮಾಡಿಕೊಂಡವರು ಹಾಗೇ ಉಳಿದವರಿಗಿಂತ ಹೆಚ್ಚು ಖುಷಿಯಲ್ಲಿದ್ದರು. 2021ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಆದರೆ ಒಂದು ಮಾತು. ತನ್ನ ಕೆಲಸದ ಬಗ್ಗೆ ನಾಣ್ಯ ಚಿಮ್ಮುವ ಮಟ್ಟಕ್ಕೆ ಬಂದವರ ಲೆಕ್ಕ ಇದು. ಅಷ್ಟರೊಳಗೆ ಅವರ ಅರ್ಧ ಮನಸ್ಸು ಹೊರಗೆ ಚಪ್ಪಲಿ ಹಾಕಿಕೊಂಡು ನಿಂತಿರುತ್ತದೆ. ನಾಳೆ ಎಲ್ಲರೂ ನಾಣ್ಯ ಹಿಡಿದು ಆಫೀಸಿಗೆ ಹೋಗಬೇಡಿ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ನಾವು ಯಾರಿಗಾಗಿ ಆರಿಸುತ್ತಿದ್ದೇವೆ? ನಮಗಾಗಿ ಅನ್ನುತ್ತೀರಿ. ಯಾವ ನಮಗಾಗಿ? 2013ರಲ್ಲಿ ಜೋರ್ಡಿ ಕ್ವಾಡ್‌ಬಾಕ್, ಡೇನಿಯಲ್ ಗಿಲ್ಬರ್ಟ್, ಟಿಮೊಥಿ ವಿಲ್ಸನ್ ಪ್ರಕಟಿಸಿದ ಅಧ್ಯಯನದಲ್ಲಿ 18ರಿಂದ 68 ವಯಸ್ಸಿನ 19,000ಕ್ಕೂ ಹೆಚ್ಚು ಜನ ಇದ್ದರು. ಕಳೆದ ಹತ್ತು ವರ್ಷದಲ್ಲಿ ಎಷ್ಟು ಬದಲಾದಿರಿ ಎಂದು ಕೆಲವರನ್ನು ಕೇಳಿದರೆ, ತುಂಬಾ ಅಂದರು. ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾಗುತ್ತೀರಿ ಎಂದು ಉಳಿದವರನ್ನು ಕೇಳಿದರೆ, ಅಷ್ಟೇನಿಲ್ಲ ಅಂದರು. ಹರೆಯದವರೂ ಹಾಗೇ, ಐವತ್ತು ದಾಟಿದವರೂ ಹಾಗೇ. ಪ್ರತಿ ವಯಸ್ಸಿನವರಿಗೂ ತಾವು ಈಗ ತಾನೇ ಪೂರ್ತಿ ತಯಾರಾಗಿ ಬಂದೆವು ಅನ್ನಿಸುತ್ತದೆ!

ಅದಕ್ಕೇ ನಾನು ದೊಡ್ಡ ನಿರ್ಧಾರ ಮಾಡಿದ ದಿನ ಒಂದು ಪುಸ್ತಕದಲ್ಲಿ ಅದರ ಕಾರಣ ಬರೆದಿಡುತ್ತೇನೆ. ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಯಾವುದಕ್ಕೆ ಹೆದರಿದ್ದೆ. ಐದಾರು ವರ್ಷದ ಮೇಲೆ ತೆರೆದು ಓದಿದರೆ ಬೇರೆ ಯಾರೋ ಬರೆದ ಹಾಗಿರುತ್ತದೆ. ಆದರೆ ಅವಳನ್ನು ಬೈಯಲು ಮನಸ್ಸು ಬರುವುದಿಲ್ಲ. ಅವಳಿಗೆ ಆಗ ಗೊತ್ತಿದ್ದದ್ದು ಅಷ್ಟೇ ಎಂದು ಅವಳ ಕೈಬರಹದಲ್ಲೇ ಇರುತ್ತದಲ್ಲ.

ಇನ್ನು ‘ನೋಡೋಣ’ವನ್ನು ನಾನು ಪೂರ್ತಿ ಬಿಟ್ಟಿಲ್ಲ. ಅದಕ್ಕೆ ಒಂದು ತಾರೀಕು ಸೇರಿಸುತ್ತೇನೆ. ‘ಹದಿನೈದಕ್ಕೆ ನೋಡೋಣ’. ಹದಿನೈದನೇ ತಾರೀಕು ಬಂದಾಗ ತಪ್ಪಿಸಿಕೊಳ್ಳಲು ಸ್ವಲ್ಪ ನಾಚಿಕೆ ಆಗುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ.

*

ಮೊದಲು ಎದ್ದು ನಿಂತದ್ದು ಒಬ್ಬ ಯುವಕ. "ಮೇಡಂ, ನನಗೆ ಎರಡು ಕೆಲಸ ಬಂದಿದೆ. ಒಂದರಲ್ಲಿ ಸಂಬಳ ಜಾಸ್ತಿ, ಇನ್ನೊಂದರಲ್ಲಿ ಕಲಿಯೋದು ಜಾಸ್ತಿ. ಯಾವುದು ತಗೊಳ್ಳಲಿ?"

ಫ್ರಾಂಕ್ಲಿನ್ ಹೇಳಿದ್ದನ್ನೇ ನಾನೂ ಹೇಳಿದೆ, ಯಾವುದು ಎಂದು ನಾನು ಹೇಳಲಾರೆ. ಆದರೆ ಒಂದು ಕೇಳಿದೆ. "ಈ ಪ್ರಶ್ನೆಯನ್ನು ಇಲ್ಲಿಯವರೆಗೆ ಎಷ್ಟು ಜನರನ್ನು ಕೇಳಿದ್ದೀಯಪ್ಪಾ?" ಅವನು ಲೆಕ್ಕ ಹಾಕಿ, "ಹದಿನಾಲ್ಕು ಜನ" ಅಂದ. "ಅವರಲ್ಲಿ ಯಾರ ಉತ್ತರ ಕೇಳಿ ಸಿಟ್ಟು ಬಂತು?" ಅವನು ತಕ್ಷಣ, "ಅಣ್ಣನದು" ಅಂದ. ಅಣ್ಣ ಏನು ಹೇಳಿದ್ದ ಎಂದು ನಾನು ಕೇಳಲಿಲ್ಲ. ಅವನು ಕೂತುಕೊಂಡ.

ಆಮೇಲೆ ಸುಮಾರು ನಲವತ್ತೈದರ ಒಬ್ಬರು. ಕೂತಲ್ಲಿಂದಲೇ ಮಾತಾಡಿದರು. "ನೀವು ಹೇಳಿದ್ದೆಲ್ಲ ಆಯ್ಕೆ ಇರೋರಿಗೆ. ನಮ್ಮಮ್ಮ ಹಾಸಿಗೆ ಹಿಡಿದು ಆರು ವರ್ಷ. ನಾನೇ ನೋಡ್ಕೋತಿದೀನಿ. ಇದು ನನಗೆ ಬಂದಿದ್ದು, ನಾನು ಆರಿಸಿಕೊಂಡಿದ್ದಲ್ಲ. ಇದರಲ್ಲಿ ‘ನಾನು’ ಎಲ್ಲಿಂದ ತರಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲ ಎಂದೇ ಹೇಳಿದೆ. ‘ನಾನು ಆರಿಸಿಕೊಂಡೆ’ ಎಂದುಕೊಂಡರೆ ಭಾರ ಇಳಿಯುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ, ಇಳಿಯುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದೆ, "ಈ ಆರು ವರ್ಷದಲ್ಲಿ ನೀವು ‘ನೋಡೋಣ’ ಅಂದು ಮುಂದೆ ಹಾಕಿದ್ದು ಏನಾದರೂ ಇದೆಯಾ?"

ಅವರು ಯೋಚಿಸಿದರು. "ತಮ್ಮನಿಗೆ ಹೇಳಿಲ್ಲ. ಭಾನುವಾರ ಒಂದು ದಿನ ಬಂದು ನೋಡ್ಕೋ ಅಂತ. ಅವನಿಗೇ ಅರ್ಥ ಆಗಲಿ ಅಂತ ಕಾಯ್ತಾ ಇದ್ದೆ."

"ಆರು ವರ್ಷ?"

"ಹೂಂ."

"ಯಾವಾಗ ಹೇಳ್ತೀರಿ?"

"ನೋಡೋಣ" ಅಂದರು. ಸಭೆಯೆಲ್ಲ ನಕ್ಕಿತು. ಅವರಿಗೂ ನಗು ತಡೆಯಲಾಗಲಿಲ್ಲ.

ಕಾರ್ಯಕ್ರಮ ಮುಗಿದು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತರು. "ಶನಿವಾರ ರಾತ್ರಿ ಫೋನ್ ಮಾಡ್ತೀನಿ, ಅವನು ಊಟ ಮಾಡಿ ಕೂತಿರೋ ಹೊತ್ತಿಗೆ" ಅಂದು, ನನ್ನ ಉತ್ತರಕ್ಕೆ ಕಾಯದೆ ಮೆಟ್ಟಿಲು ಇಳಿದು ಹೋದರು.